ಬಾಲಂಚೀನ್ ಉಳಿದಿರುವುದು ಅಭ್ಯಾಸದ ಕೊಠಡಿಯಲ್ಲಿ

ಮಾನ್ಯ ಸಂಪಾದಕರೇ,

ಬ್ಯಾಲೆ ಸಂಯೋಜಕ ಜಾರ್ಜ್ ಬಾಲಂಚೀನ್ ಬಗ್ಗೆ ಬರೆಯುವವರು ಬಹುಮಟ್ಟಿಗೆ ಅವರ ಕೃತಿಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತಾರೆ. ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವೂ ಇದಕ್ಕೆ ಹೊರತಾಗಿರಲಿಲ್ಲ. 1983ರಲ್ಲಿ ತೀರಿಕೊಂಡ ಅವರ ಪ್ರಭಾವ ಇಂದಿಗೂ ಗಟ್ಟಿಯಾಗಿ ನಿಂತಿರುವುದು ರಂಗದ ಮೇಲಿಗಿಂತ ಹೆಚ್ಚಾಗಿ ನರ್ತಕರ ದಿನನಿತ್ಯದ ಅಭ್ಯಾಸದಲ್ಲಿ ಎಂಬುದನ್ನು ಲೇಖಕರು ಗಮನಿಸಿದಂತಿಲ್ಲ.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ ಅಲ್ಲಿಯೇ ಕಲಿತ ಬಾಲಂಚೀನ್ ಅವರನ್ನು ಕಲಾಪೋಷಕ ಲಿಂಕನ್ ಕರ್ಸ್ಟೀನ್ 1933ರಲ್ಲಿ ಅಮೆರಿಕಕ್ಕೆ ಕರೆಸಿಕೊಂಡಾಗ, ತಂಡಕ್ಕಿಂತ ಮೊದಲು ಶಾಲೆ ಬೇಕೆಂದು ಬಾಲಂಚೀನ್ ಪಟ್ಟು ಹಿಡಿದರು. 1934ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ ಆರಂಭವಾಯಿತು. ಅವರ ತಂಡವಾದ ನ್ಯೂಯಾರ್ಕ್ ಸಿಟಿ ಬ್ಯಾಲೆ ಆ ಹೆಸರಿನಿಂದ ನಿಂತದ್ದು 1948ರಲ್ಲಿ. ಅಮೆರಿಕದಲ್ಲಿ ಅವರು ಸಂಯೋಜಿಸಿದ ಮೊದಲ ಬ್ಯಾಲೆ ‘ಸೆರನೇಡ್’ ಕೂಡ ಆ ಶಾಲೆಯ ವಿದ್ಯಾರ್ಥಿಗಳಿಗೆ ರಂಗದ ರೀತಿ ಕಲಿಸಲೆಂದು ಶುರುವಾದ ಪಾಠವೇ. ಮೊದಲ ಸಂಜೆ ಬಂದವರು 17 ಹುಡುಗಿಯರಾದ್ದರಿಂದ ಆರಂಭದ ದೃಶ್ಯದಲ್ಲಿ ಇಂದಿಗೂ 17 ಮಂದಿ ನಿಲ್ಲುತ್ತಾರೆ. ಒಬ್ಬಳು ತಡವಾಗಿ ಓಡಿಬಂದದ್ದನ್ನೂ ಇನ್ನೊಬ್ಬಳು ಬಿದ್ದದ್ದನ್ನೂ ಅವರು ಕೃತಿಯೊಳಕ್ಕೇ ಸೇರಿಸಿಕೊಂಡರು.

ಶಿಕ್ಷಣದಲ್ಲಿ ಅವರು ತಂದ ಬದಲಾವಣೆಗಳು ಹೊರಗಿನವರಿಗೆ ಸಣ್ಣವೆನಿಸಬಹುದು. ಒಂದೇ ಕಾಲಿನ ಮೇಲೆ ಗಿರ್ರನೆ ಸುತ್ತುವ ಪಿರುಎಟ್‌ಗೆ ಅಣಿಯಾಗುವಾಗ ಎರಡೂ ಮಂಡಿ ಬಗ್ಗಿಸುವ ವಾಡಿಕೆಯನ್ನು ಬಿಟ್ಟು, ಹಿಂದಿನ ಕಾಲನ್ನು ನೇರವಾಗಿ ಚಾಚಿ ದೇಹಭಾರವನ್ನು ಮುಂದಿನ ಕಾಲಿಗೆ ಹಾಕಿಸಿದರು. ಇದರಿಂದ ನರ್ತಕಿ ತಿರುಗಲಿದ್ದಾಳೆಂಬ ಸುಳಿವು ನೋಡುವವರಿಗೆ ಮೊದಲೇ ಸಿಗುವುದಿಲ್ಲ. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಅರಬೆಸ್ಕ್‌ನಲ್ಲಿ ಸೊಂಟವನ್ನು ತುಸು ತೆರೆಯಲು ಬಿಟ್ಟು ರೇಖೆಯನ್ನು ಉದ್ದವಾಗಿಸಿದರು, ಕೈಬೆರಳುಗಳನ್ನು ಒತ್ತಾಗಿ ಸೇರಿಸದೆ ಒಂದೊಂದೂ ಕಾಣುವಂತೆ ಬಿಡಿಸಿದರು. ಕಾಲನ್ನು ಚಾಚಿ ಹಿಂದಕ್ಕೆ ಎಳೆದುಕೊಳ್ಳುವ ತಾಂದ್ಯು ಎಂಬ ಸರಳ ಅಭ್ಯಾಸವನ್ನು ಬೇಸರ ಬರುವಷ್ಟು ಸಲ, ಉಸಿರು ಕಟ್ಟುವ ವೇಗದಲ್ಲಿ ಮಾಡಿಸುತ್ತಿದ್ದರು. ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ಲಯಕ್ಕೆ ಹೆಜ್ಜೆ ಹಾಕಬೇಕಾದ ಕಾಲುಗಳಿಗೆ ಅಂಥ ವೇಗ ಅನಿವಾರ್ಯವಾಗಿತ್ತು. ಅವರ ತಂಡದಲ್ಲಿ ನರ್ತಿಸಿದ್ದ ಹೆಲ್ಗಿ ಟೊಮಾಸನ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಎಡ್ವರ್ಡ್ ವಿಲೆಲ್ಲಾ ಮಯಾಮಿಯಲ್ಲಿ ಬ್ಯಾಲೆ ತಂಡಗಳ ಹೊಣೆ ಹೊತ್ತಾಗ ಈ ಪಾಠ ಅವರೊಂದಿಗೆ ಅಲ್ಲಿಗೂ ಹೋಯಿತು.

ಹೊಗಳಿಕೆಯ ಭರದಲ್ಲಿ ಲೇಖನ ಮುಟ್ಟದೇ ಬಿಟ್ಟ ಇನ್ನೊಂದು ಮುಖವೂ ಇದೆ. ಸಣ್ಣ ತಲೆ, ಉದ್ದನೆಯ ಕಾಲು, ತೀರ ತೆಳ್ಳನೆಯ ಮೈಯ ನರ್ತಕಿಯರ ಬಗ್ಗೆ ಬಾಲಂಚೀನ್‌ಗಿದ್ದ ಒಲವು ಕ್ರಮೇಣ ಅನೇಕ ಶಾಲೆಗಳಿಗೆ ಪ್ರವೇಶದ ಅಳತೆಗೋಲಾಯಿತು. ಅವರ ತಂಡದಲ್ಲಿದ್ದ ಗೆಲ್ಸಿ ಕರ್ಕ್‌ಲ್ಯಾಂಡ್ 1986ರ ಆತ್ಮಕಥೆಯಲ್ಲಿ ಈ ಒತ್ತಡವನ್ನು ಕಟುವಾಗಿಯೇ ಚಿತ್ರಿಸಿದ್ದಾರೆ. ಆದರೆ ಈ ಒಲವು ಬೇರೆ, ತಂತ್ರ ಬೇರೆ. ಅವರ ತಂಡದ ಪ್ರಧಾನ ನರ್ತಕರಾಗಿದ್ದ, 1957ರ ಬ್ಯಾಲೆ ‘ಅಗಾನ್’ನಲ್ಲಿ ಮಿಂಚಿದ ಕಪ್ಪು ಕಲಾವಿದ ಆರ್ಥರ್ ಮಿಚೆಲ್ 1969ರಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಎಂಬ ತಂಡ ಕಟ್ಟಿದಾಗ ಬಾಲಂಚೀನರ ಕೃತಿಗಳನ್ನೂ ಅಲ್ಲಿ ಆಡಿಸಿದರು. ಆ ಶೈಲಿ ಒಂದೇ ಬಗೆಯ ದೇಹದ ಸೊತ್ತಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋರದು.

ಈಗ ಅವರ ಕೃತಿಗಳನ್ನು ಬೇರೆ ತಂಡಗಳು ಆಡಬೇಕಾದರೆ 1987ರಲ್ಲಿ ಸ್ಥಾಪನೆಯಾದ ಬಾಲಂಚೀನ್ ಟ್ರಸ್ಟ್‌ನ ಅನುಮತಿ ಬೇಕು, ಟ್ರಸ್ಟ್ ಒಪ್ಪಿದ ಶಿಕ್ಷಕರೇ ಬಂದು ಕಲಿಸಬೇಕು. ಬಾಲಂಚೀನ್ ಕೈಕೆಳಗೆ ನೇರವಾಗಿ ಪಳಗಿದವರಿಗೆಲ್ಲ ವಯಸ್ಸಾಗುತ್ತಿದ್ದು, ಇನ್ನು ಮುಂದೆ ಕಲಿಸುವವರು ಅವರನ್ನು ಕಂಡೇ ಇರದವರು. ವೇಗ, ಸಂಗೀತಪ್ರಜ್ಞೆಗಳಂತಹ ಬರವಣಿಗೆಗೆ ದಕ್ಕದ ಸಂಗತಿಗಳು ಆಗ ಎಷ್ಟು ಉಳಿದಾವು ಎಂಬುದನ್ನು ತಮ್ಮ ಲೇಖಕರು ಮುಂದಿನ ಬರಹದಲ್ಲಾದರೂ ಚರ್ಚಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ