ಮೂರು ಸುತ್ತಿನ ಗೆಲುವು ಸಾಕೇ?

ಸಂಪಾದಕರೇ,

ಇಂಗ್ಲೆಂಡಿನ ಪ್ರೈಜ್‌ಫೈಟರ್ ಬಾಕ್ಸಿಂಗ್ ಟೂರ್ನಿಯಲ್ಲಿ ಎಂಟು ಮಂದಿ, ಒಂದೇ ರಾತ್ರಿ, ಮೂರು ಮೂರು ಸುತ್ತಿನ ಪಂದ್ಯ ಆಡುತ್ತಿದ್ದರು. ನೋಡೋಕೆ ಮಜಾ ಇತ್ತು, ಒಪ್ಪುತ್ತೇನೆ. ಆದರೆ ಅದನ್ನು ಗೆದ್ದವನು 12 ಸುತ್ತಿನ ವಿಶ್ವ ಪಟ್ಟಕ್ಕೆ ಯೋಗ್ಯ ಅನ್ನೋದು ಹೇಗೆ?

ಬ್ರಿಟಿಷ್ ಬಾಕ್ಸರ್ ಆಡ್ಲೀ ಹ್ಯಾರಿಸನ್ 2009ರಲ್ಲಿ ಈ ಟೂರ್ನಿ ಗೆದ್ದು, ನಡುವೆ ಯುರೋಪಿಯನ್ ಪಟ್ಟವನ್ನೂ ಹಿಡಿದು, 2010ರಲ್ಲಿ ವಿಶ್ವ ಪಟ್ಟಕ್ಕಾಗಿ ಚಾಂಪಿಯನ್ ಡೇವಿಡ್ ಹೇ ಎದುರು ನಿಂತರು. ಮೊದಲೆರಡು ಸುತ್ತಿನಲ್ಲಿ ಹೊಡೆತಕ್ಕಿಂತ ಜನರ ಕೂಗಾಟವೇ ಜಾಸ್ತಿ, ಮೂರನೆಯದರಲ್ಲಿ ಹ್ಯಾರಿಸನ್ ಆಟ ಮುಗಿಯಿತು. ಮಾರ್ಟಿನ್ ಮರ್ರೆಯೂ ಅಲ್ಲಿಂದಲೇ ಬಂದವರು ಅಲ್ವಾ ಅನ್ನಬಹುದು. ಹೌದು, 2013ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ಚಾಂಪಿಯನ್ ಸೆರ್ಜಿಯೋ ಮಾರ್ಟಿನೆಜ್‌ರನ್ನು ನೆಲಕ್ಕೆ ಕೆಡವಿದರು, ಅಂಕದಲ್ಲಿ ಮಾತ್ರ ಸೋತರು. ಆದರೆ ಅವರು ನಡುವೆ ಉದ್ದದ ಪಂದ್ಯಗಳಲ್ಲಿ ಬೆವರು ಹರಿಸಿ ಬ್ರಿಟಿಷ್ ಪಟ್ಟ ಗೆದ್ದಿದ್ದರು. ಚಿಕ್ಕ ಟೂರ್ನಿ ಹೆಸರು ಕೊಡಲಿ, ಟಿವಿಯವರಿಗೆ ದುಡ್ಡೂ ಕೊಡಲಿ, ಪಟ್ಟದ ಸರದಿಯಲ್ಲಿ ಮುಂದಿನ ಜಾಗ ಮಾತ್ರ ಬೇಡ.

– ಒಬ್ಬ ಓದುಗ