ತೂಕದ ಕ್ಯಾಟಗರಿ ಬಿತ್ತು ಅಂತ ಕೊರಗ್ಬೇಡ, ಟ್ರೀಟ್ಮೆಂಟ್ ತಗೋ

ಪ್ರೀತಿಯ ಅಳಿಯನಿಗೆ,

ಆಶೀರ್ವಾದ. ತೂಕ ಜಾಸ್ತಿ ಅಂತ ಆರ್ಮಿಲಿ ನಿನ್ನ ಶೇಪ್ ಒನ್, ಅಂದ್ರೆ ಪೂರ್ತಿ ಫಿಟ್ ಅನ್ನೋ ದರ್ಜೆ ತೆಗ್ದು, ಸದ್ಯಕ್ಕೆ ಪೂರ್ತಿ ಫಿಟ್ ಇಲ್ಲ ಅನ್ನೋ ಟೆಂಪರರಿ ಲೋ ಮೆಡಿಕಲ್ ಕ್ಯಾಟಗರಿಗೆ ಹಾಕಿದ್ದಾರಂತೆ, ಅಕ್ಕ ಹೇಳಿದ್ಲು. ಯಾರಿಗೂ ಹೇಳ್ಬೇಡ ಅಂದಿದ್ಯಂತೆ. ಸರ್ವೀಸ್ ಪೂರ್ತಿ ಯೂನಿಟ್ ದವಾಖಾನೆ ಎಂಐ ರೂಮಲ್ಲೇ ಕಳೆದ ಮಾವನ ಹತ್ರ ಏನೋ ನಾಚಿಕೆ? ಬಿಪಿ, ಶುಗರ್ ಥರ ಇದೂ ಒಂದು ಕಾಯಿಲೆ, ಮದ್ದಿದೆ.

ಮೊದ್ಲು ಒಂದು ಮಾತು. ಮತ್ತೆ ತೂಕ ನೋಡೋ ರಿವ್ಯೂ ಹತ್ರ ಬರ್ತಿದ್ದಂಗೆ ಕೆಲವ್ರು ಮಾಡ್ತಾರಲ್ಲ, ಎರಡ್ಮೂರು ದಿನ ಉಪವಾಸ, ಒಳಗೆ ಪ್ಲಾಸ್ಟಿಕ್ ಸುತ್ಕೊಂಡು ಮೇಲೊಂದು ಸ್ವೆಟರ್ ಹಾಕಿ ಬಿಸ್ಲಲ್ಲಿ ಓಡೋದು, ನೀರು ಬಿಡೋದು, ಯಾರೋ ಕೊಟ್ಟ ಮೂತ್ರ ಹೋಗೋ ಮಾತ್ರೆ ನುಂಗೋದು, ಅದನ್ನ ಮಾತ್ರ ಮಾಡ್ಬೇಡ ಮಗ. ಅದ್ರಲ್ಲಿ ಇಳಿಯೋದು ನೀರು, ಕೊಬ್ಬಲ್ಲ. ಮೈಯಲ್ಲಿ ಪೊಟ್ಯಾಸಿಯಂ ಏರುಪೇರಾದ್ರೆ, ಹೀಟ್ ಸ್ಟ್ರೋಕ್ ಹೊಡದ್ರೆ ಪ್ರಾಣಕ್ಕೇ ಸಂಚಕಾರ.

ಸೋಮಾರಿ ಆಗ್ಬಿಟ್ಟ ಅಂತ ಯಾರಾದ್ರೂ ಅಂದ್ರೆ ತಲೆಗೆ ಹಾಕ್ಕೋಬೇಡ. ಹೈ ಆಲ್ಟಿಟ್ಯೂಡಲ್ಲಿ ಹಸಿವೇ ಸತ್ತು ಇಳಿದ ತೂಕ ಗಡಿಯಿಂದ ದೂರದ ಪೀಸ್ ಸ್ಟೇಷನ್ನಿಗೆ ಬಂದ್ಮೇಲೆ ಬಡ್ಡಿ ಸಮೇತ ಬಂತು. ಯೂನಿಟ್ ಅಡುಗೆಮನೆ ಲಂಗರ್ ಊಟದ ಲೆಕ್ಕ ದಿನಾ ಓಡಾಡೋ ಹುಡುಗ್ರಿಗೆ, ನೀನೀಗ ಸ್ಟೋರಲ್ಲಿ ಕೂತಿದ್ದೀಯ. ಜೊತೆಗೆ ನೈಟ್ ಡ್ಯೂಟಿ, ನಿದ್ದೆ ಕೆಟ್ರೆ ಹಸಿವು ಜಾಸ್ತಿನೇ ಆಗೋದು. ಮಂಡಿನೋವಿಗೆ ಓಟ ನಿಲ್ತು, ಓಟ ನಿಂತು ತೂಕ ಏರ್ತು, ತೂಕ ಏರಿ ಮಂಡಿ ಇನ್ನೂ ಕೆಟ್ತು. ಒಂದು ಕೆಜಿ ಇಳಿಸಿದ್ರೆ ನಡೆಯುವಾಗ ಒಂದೊಂದು ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಮ್ಮಿಯಾಗುತ್ತೆ, ಅದಕ್ಕೇ ಈಗ್ಲೇ ಓಡಕ್ಕೆ ಹೋಗ್ಬೇಡ, ಚುರುಕಾಗಿ ನಡಿ, ಸೈಕಲ್ ತುಳಿ.

ಸೊಂಟ ಟೇಪಲ್ಲಿ ಅಳಿ. ಪ್ಯಾಂಟ್ ಸೈಜ್ ನಂಬ್ಬೇಡ, ಬೆಲ್ಟ್ ಹೊಟ್ಟೆ ಕೆಳಗಿರುತ್ತೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಇಟ್ಟು, ಉಸ್ರು ಬಿಟ್ಟು ನೋಡು. ನಮ್ಮ ಜನದಲ್ಲಿ ಗಂಡಸ್ರಿಗೆ 90 ಸೆಂಟಿಮೀಟರ್ ದಾಟಬಾರ್ದು, ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಬಿಎಂಐ 25 ದಾಟಿದ್ರೆ ಒಬೆಸಿಟಿ ಅಂತ್ಲೇ ಲೆಕ್ಕ. ಯೂನಿಟ್ ಡಾಕ್ಟರ್ ಎಂಓ ಸಾಹೇಬ್ರ ಹತ್ರ ಕೂತು ಶುಗರ್, ಲಿಪಿಡ್, ಲಿವರ್, ಥೈರಾಯ್ಡ್ ಚೆಕ್ ಮಾಡ್ಸು. ಗೊರಕೆ ಹೊಡೀತಾ ಮಧ್ಯದಲ್ಲಿ ಉಸ್ರು ನಿಲ್ಸ್ತೀಯ ಅಂತ ನಿನ್ನ ಹೆಂಡ್ತಿ ಹೇಳಿದ್ಲಲ್ಲ, ಅದನ್ನ ಮರೀದೆ ಹೇಳು, ಸ್ಲೀಪ್ ಆಪ್ನಿಯಾ ಇದ್ರೆ ಅದಕ್ಕೂ ಟ್ರೀಟ್ಮೆಂಟ್ ಬೇಕು.

ನೀನು 85 ಕೆಜಿ, ಮೊದಲ್ನೇ ಗುರಿ ನಾಲ್ಕೈದು ಕೆಜಿ ಸಾಕು, ಆಮೇಲೆ ಮುಂದಿನದು. ಶುಗರ್ ಬರೋ ಅಂಚಲ್ಲಿದ್ದವ್ರ ಮೇಲೆ ಅಮೆರಿಕದಲ್ಲಿ ಮಾಡಿದ ದೊಡ್ಡ ಸ್ಟಡಿ 2002ರಲ್ಲಿ ಬಂತು, 7 ಪರ್ಸೆಂಟ್ ತೂಕ ಇಳಿಸೋದು, ವಾರಕ್ಕೆ 150 ನಿಮಿಷ ನಡಿಯೋದು, ಇಷ್ಟೇ ಗುರಿ, ಶುಗರ್ ಬರೋ ಸಾಧ್ಯತೆ 58 ಪರ್ಸೆಂಟ್ ಕಮ್ಮಿಯಾಯ್ತು. ಊಟದಲ್ಲಿ ಅನ್ನ ಬಿಟ್ಟು ಮುದ್ದೆ ತಿಂತೀನಿ ಅಂತ ಎರಡು ಮುದ್ದೆ ಹಾಕ್ಕೊಂಡ್ರೆ ಉಪಯೋಗ ಇಲ್ಲ. ಒಂದು ಸಣ್ಣ ಮುದ್ದೆ, ತಟ್ಟೆ ತುಂಬ ಸೊಪ್ಪು, ಹುರುಳಿಕಾಳು, ಮೊಟ್ಟೆ. ಕ್ಯಾಂಟೀನ್ ರಮ್ ಒಂದು 60 ಎಂಎಲ್ ಪೆಗ್ಗಲ್ಲೇ ಸುಮಾರು 140 ಕ್ಯಾಲೊರಿ, ಪಕ್ಕದ ಪಕೋಡ ಬೇರೆ.

ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಕೇಳಿದ್ಯಂತೆ. ಮೌಂಜಾರೊ, ವೆಗೋವಿ ಎರಡೂ 2025ರಲ್ಲಿ ನಮ್ಮ ದೇಶಕ್ಕೆ ಬಂದ್ವು, ಕೆಲಸ ಮಾಡ್ತವೆ, ಅದನ್ನ ಅಡ್ಡದಾರಿ ಅಂತ ನಾನು ಅನ್ನಲ್ಲ. ಆದ್ರೆ ನಿಲ್ಸಿದ್ಮೇಲೆ ಬಹಳ ಜನಕ್ಕೆ ತೂಕ ವಾಪಸ್ ಬರುತ್ತೆ, ಕೊಬ್ಬಿನ ಜೊತೆ ಮಾಂಸಖಂಡನೂ ಕರಗುತ್ತೆ, ಪ್ಯಾಂಕ್ರಿಯಾಸ್ ತೊಂದ್ರೆ ಆಗಿದ್ದವ್ರಿಗೆ ಕೊಡೋಕೆ ಹಿಂಜರೀತಾರೆ. ಸ್ಪೆಷಲಿಸ್ಟ್ ಬರೆದುಕೊಟ್ರೆ ತಗೋ, ಯಾರೋ ಫ್ರೆಂಡ್ ಮೂಲಕ ತರಿಸ್ಕೋಬೇಡ.

ಇನ್ನೆರಡು ವರ್ಷಕ್ಕೆ ಪೆನ್ಷನ್ ಬರ್ತೀಯ, ನನಗೆ ಅದರದ್ದೇ ಚಿಂತೆ. ನಲವತ್ತೂ ತುಂಬಿರಲ್ಲ, ಬೆಳಗ್ಗೆ ಪಿಟಿ ವಿಸಲ್ ಇರಲ್ಲ, ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲ್ಸಕ್ಕೆ ಸೇರಿ ರಾತ್ರಿಯೆಲ್ಲ ಟೀ ಬಿಸ್ಕತ್ತು, ನಮ್ಮೂರ ಎಕ್ಸ್ ಸರ್ವೀಸ್‌ಮೆನ್ ಎಷ್ಟು ಜನ ಹಿಂಗೇ ಊದ್ಕೊಂಡ್ರು. ಅದಕ್ಕೆ ಡಿಸ್ಚಾರ್ಜ್ ಟೈಮಲ್ಲೇ ಮಾಜಿ ಸೈನಿಕರ ಆಸ್ಪತ್ರೆ ಯೋಜನೆ ಇಸಿಎಚ್‌ಎಸ್ ಕಾರ್ಡ್ ಮಾಡ್ಸು, ಮೆಡಿಕಲ್ ಪೇಪರ್ ಎಲ್ಲದರ ಕಾಪಿ ಇಟ್ಕೋ, ಊರಿಗೆ ಬಂದ ತಿಂಗಳಲ್ಲೇ ಆ ಯೋಜನೆಯ ಪಾಲಿಕ್ಲಿನಿಕ್‌ಗೆ ಇಬ್ರೂ ಹೋಗೋಣ.

ಭಾನುವಾರ ಫೋನ್ ಮಾಡು, ಸೊಂಟದ ಅಳತೆ, ಶುಗರ್ ರಿಪೋರ್ಟ್ ಎರಡೂ ಹೇಳು, ಬರ್ಕೋತೀನಿ.

ಇಂತಿ,
ನಿನ್ನ ಮಾವ