ಹೊಸ ವಿಮಾನ ತೋರಿಸಿ ಹಣ ಪಡೆದು, ಹಳೆಯದರಲ್ಲಿ ಕರೆದೊಯ್ದ ಬಗ್ಗೆ ದೂರು

ಗೆ,
ಪ್ರಾದೇಶಿಕ ವ್ಯವಸ್ಥಾಪಕರು,
ಬೆಂಗಳೂರು ಕಚೇರಿ

ವಿಷಯ: ಮುನ್ಸೂಚನೆಯಿಲ್ಲದೆ ವಿಮಾನ ಬದಲಿಸಿದ್ದು ಮತ್ತು ಆಸನ ಶುಲ್ಕ ಹಿಂತಿರುಗಿಸದಿರುವುದು

ಮಾನ್ಯರೇ,

ಬೆಂಗಳೂರಿನಿಂದ ಹೊರಟು, ನಿಮ್ಮ ಮುಖ್ಯ ನಿಲ್ದಾಣದಲ್ಲಿ ವಿಮಾನ ಬದಲಿಸಿ ಅಮೆರಿಕಕ್ಕೆ ಹೋಗಲು ನನ್ನ ತಾಯಿಯವರಿಗೂ ನನಗೂ ಟಿಕೆಟ್ ಕಾಯ್ದಿರಿಸಿದಾಗ, ಎರಡನೆಯ ಹಾಗೂ ದೀರ್ಘವಾದ ಹಾರಾಟದ ಎದುರು ಬೋಯಿಂಗ್ 787-9 ಎಂದು ನಿಮ್ಮ ಜಾಲತಾಣದಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು. ವಯಸ್ಸಾದ 777 ವಿಮಾನಗಳನ್ನು ಹಂತಹಂತವಾಗಿ ಕೈಬಿಟ್ಟು ಈ ಮಾರ್ಗಕ್ಕೆ ಹೊಸ ವಿಮಾನಗಳನ್ನು ತಂದಿರುವುದಾಗಿ ಅದೇ ಪುಟದಲ್ಲಿ ಚಿತ್ರಸಮೇತ ಪ್ರಕಟಿಸಿದ್ದಿರಿ. ಆದರೆ ನಾವು ಹತ್ತಬೇಕಾದ ದ್ವಾರದ ಆಚೆ ನಿಂತಿದ್ದದ್ದು ಹಳೆಯ 777-300ಇಆರ್. ಈ ಬದಲಾವಣೆಯ ಬಗ್ಗೆ ಅಲ್ಲಿಯವರೆಗೆ ನಮಗೆ ಇ-ಮೇಲ್ ಆಗಲಿ, ಎಸ್ಸೆಮ್ಮೆಸ್ ಆಗಲಿ ಬಂದಿರಲಿಲ್ಲ.

ವಿಮಾನ ಹಳೆಯದು ಎಂಬುದಷ್ಟೇ ನನ್ನ ದೂರಲ್ಲ. 777-300ಇಆರ್ ಮಾದರಿ ಸೇವೆಗೆ ಬಂದದ್ದು 2004ರಲ್ಲಿ. ಸರಿಯಾಗಿ ನಿರ್ವಹಿಸಿದರೆ ಇಪ್ಪತ್ತು ವರ್ಷ ಹಾರಿದ ವಿಮಾನವೂ ಸುರಕ್ಷಿತವೇ ಎಂಬುದು ನನಗೆ ಗೊತ್ತು. ನಾವು ಹೆಚ್ಚಿನ ದರ ಕೊಟ್ಟು 787 ಅನ್ನೇ ಆರಿಸಿಕೊಂಡದ್ದಕ್ಕೆ ಬೇರೆ ಕಾರಣವಿತ್ತು. ನನ್ನ ತಾಯಿಯವರಿಗೆ ಶ್ವಾಸಕೋಶದ ತೊಂದರೆಯಿದೆ. ಹಳೆಯ ತಲೆಮಾರಿನ ವಿಮಾನಗಳಲ್ಲಿ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡವು ಸುಮಾರು 8,000 ಅಡಿ ಎತ್ತರದಲ್ಲಿರುವ ಮಟ್ಟಕ್ಕೂ ಇಳಿಯಬಹುದು, ಅಂದರೆ ಊಟಿಗಿಂತಲೂ ಮೇಲೆ ಕುಳಿತು ರಾತ್ರಿ ಕಳೆದಂತೆ. ಇಂಗಾಲದ ನಾರಿನ ಸಂಯುಕ್ತ ವಸ್ತುವಿನಿಂದ ಒಡಲು ಕಟ್ಟಿರುವ 787 ಮತ್ತು ಏರ್‌ಬಸ್ ಎ350ಗಳಲ್ಲಿ ಅದು 6,000 ಅಡಿಯ ಮಟ್ಟಕ್ಕಿಂತ ಕೆಳಗಿಳಿಯದಂತೆ ವಿನ್ಯಾಸವಿದೆ. ಇದು ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಕೆಳಗಿನ ಎತ್ತರ. ಗಾಳಿಯಲ್ಲಿ ತೇವಾಂಶವೂ ಸ್ವಲ್ಪ ಹೆಚ್ಚಿರುತ್ತದೆ. ಆರೋಗ್ಯವಂತರಿಗೆ ಇದು ಲೆಕ್ಕಕ್ಕೆ ಬಾರದಿರಬಹುದು, ಆದರೆ ನಮ್ಮ ವೈದ್ಯರು ಪ್ರಯಾಣಕ್ಕೆ ಒಪ್ಪಿಗೆ ಕೊಡುವ ಮುನ್ನ ವಿಮಾನ ಯಾವುದೆಂದು ಕೇಳಿದ್ದರು. ಬದಲಾವಣೆ ಮೊದಲೇ ತಿಳಿದಿದ್ದರೆ ಅವರ ಸಲಹೆ ಪಡೆದು ಆಮ್ಲಜನಕದ ವ್ಯವಸ್ಥೆಯನ್ನೋ ಪ್ರಯಾಣದ ದಿನವನ್ನೋ ಬದಲಿಸಿಕೊಳ್ಳುತ್ತಿದ್ದೆವು.

ಆಸನಗಳ ವಿಚಾರವೂ ಇದರಿಂದಲೇ ಕೆಟ್ಟಿತು. 787ರಲ್ಲಿ ಸಾಲಿಗೆ ಮೂರು-ಮೂರು-ಮೂರು, ನಿಮ್ಮ 777ರಲ್ಲಿ ಮೂರು-ನಾಲ್ಕು-ಮೂರು. ಅಕ್ಕಪಕ್ಕ ಕೂರಲೆಂದೇ ಪ್ರತ್ಯೇಕ ಶುಲ್ಕ ಕಟ್ಟಿ ಕಿಟಕಿಯ ಬದಿಯ ಎರಡು ಆಸನ ಪಡೆದಿದ್ದೆವು. ಹೊಸ ಪಟ್ಟಿಯಲ್ಲಿ ತಾಯಿಯವರು ನಡುವಿನ ನಾಲ್ಕರ ಸಾಲಿಗೂ ನಾನು ಬಹಳ ಹಿಂದಕ್ಕೂ ಬಿದ್ದೆವು. ಒಬ್ಬ ಯುವಕ ತನ್ನ ಜಾಗ ಬಿಟ್ಟುಕೊಟ್ಟದ್ದರಿಂದ ಜೊತೆಗೆ ಕೂರುವಂತಾಯಿತು, ಅದರಲ್ಲಿ ನಿಮ್ಮ ಸಂಸ್ಥೆಯ ಪಾತ್ರವೇನೂ ಇಲ್ಲ. ತಾಯಿಯವರ ಕೈಯೊರಗಿನಿಂದ ಹಳೆಯ ಕಾಲದ ರಿಮೋಟು ತಂತಿಸಮೇತ ಹೊರಬಂದು ನೇತಾಡುತ್ತಿತ್ತು; ಒಳಗೆ ಸೇರಿಸಿದಷ್ಟು ಸಲವೂ ಜಾರಿ ಅವರ ಮಂಡಿಗೆ ಬಡಿಯುತ್ತಿದ್ದುದರಿಂದ ಗಗನಸಖಿಯೊಬ್ಬರು ಅದನ್ನು ಅಂಟುಪಟ್ಟಿಯಿಂದ ಬಿಗಿದು ಹೋದರು. ಓದುವ ದೀಪ ಉರಿಯಲಿಲ್ಲ. ನಮ್ಮ ಭಾಗದ ಶೌಚಾಲಯಗಳಲ್ಲೊಂದಕ್ಕೆ ಬೀಗ. ಸಿಬ್ಬಂದಿ ಮಾತ್ರ ಸೌಜನ್ಯದಿಂದಲೇ ನಡೆದುಕೊಂಡರು. ಅವರ ಮೇಲೆ ನನ್ನ ಆಕ್ಷೇಪವಿಲ್ಲವೆಂದು ದಾಖಲಿಸಿಕೊಳ್ಳಬೇಕಾಗಿ ಕೋರಿಕೆ.

ನಿಮ್ಮ ಗ್ರಾಹಕ ಸೇವಾ ವಿಭಾಗವು ಕಳುಹಿಸಿದ ಉತ್ತರದಲ್ಲಿ, ವಿಮಾನ ಬದಲಿಸುವ ಹಕ್ಕನ್ನು ನಿಬಂಧನೆಗಳು ಸಂಸ್ಥೆಗೆ ಕೊಟ್ಟಿವೆ ಎಂದೂ, ತಯಾರಕರಿಂದ ಹೊಸ ವಿಮಾನಗಳು ತಡವಾಗುತ್ತಿವೆ ಎಂದೂ, ಆಸನವನ್ನಂತೂ ಒದಗಿಸಿರುವುದರಿಂದ ಶುಲ್ಕ ಮರಳಿಸಲಾಗದು ಎಂದೂ ತಿಳಿಸಲಾಗಿದೆ. ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ವಿಳಂಬವೂ ಸುಳ್ಳಲ್ಲ: 787ರ ಹಸ್ತಾಂತರ 2021 ಮತ್ತು 2022ರಲ್ಲಿ ತಿಂಗಳುಗಟ್ಟಲೆ ನಿಂತಿತ್ತು, 2013ರಲ್ಲಿ ಘೋಷಿಸಿ 2020ರ ಜನವರಿಯಲ್ಲಿ ಮೊದಲ ಬಾರಿ ಹಾರಿದ, 777ರ ಹೊಸ ಮಾದರಿಯಾದ 777-9 ಇನ್ನೂ ಪ್ರಯಾಣಿಕರನ್ನು ಕಾಣದೆ 2027ಕ್ಕೆ ಮುಂದೂಡಲ್ಪಟ್ಟಿದೆ. ಆದರೆ ತಡವಾಗುವುದು ನಿಮಗೆ ಮೊದಲೇ ಗೊತ್ತಿರುವಾಗ, ಬಾರದ ವಿಮಾನದ ಚಿತ್ರವನ್ನು ತೋರಿಸಿ ಟಿಕೆಟ್ ಮಾರುವುದನ್ನು ತಯಾರಕರ ತಲೆಗೆ ಕಟ್ಟಲಾಗದು. ಇದೇ ವಿಳಂಬಕ್ಕೆ ಸಿಲುಕಿದ ಎಮಿರೇಟ್ಸ್ ಸಂಸ್ಥೆ 2022ರಲ್ಲಿ ತನ್ನ ಎ380 ಮತ್ತು 777 ವಿಮಾನಗಳಲ್ಲಿ 120ರ ಒಳಾಂಗಣ ನವೀಕರಿಸುವ ಕೆಲಸವನ್ನು ದುಬೈಯಲ್ಲಿ ಆರಂಭಿಸಿತು. ಹೊಸದು ಬರುವತನಕ ಹಳೆಯದನ್ನು ಸುಸ್ಥಿತಿಯಲ್ಲಿಡಲು ಯಾವ ತಯಾರಕರೂ ಅಡ್ಡಬಂದಿಲ್ಲ. ರಿಮೋಟಿಗೆ ಒಂದು ಸ್ಪ್ರಿಂಗ್ ಹಾಕಿಸಲು 777-9 ಬರಬೇಕಿಲ್ಲವಷ್ಟೇ.

ಆದ್ದರಿಂದ, ಇಬ್ಬರ ಆಸನ ಶುಲ್ಕವನ್ನು ಪೂರ್ತಿಯಾಗಿ ಹಿಂತಿರುಗಿಸಬೇಕು. ಅದೇ ದಿನದ ಹಳೆಯ ವಿಮಾನದ ಸೇವೆಗೂ ನಾವು ಆರಿಸಿದ್ದ ಸೇವೆಗೂ ಇದ್ದ ದರದ ವ್ಯತ್ಯಾಸವನ್ನು ಪಾವತಿಸಬೇಕು. ನಮ್ಮ ಹಾರಾಟಕ್ಕೆ ವಿಮಾನ ಬದಲಿಸುವ ತೀರ್ಮಾನ ಯಾವ ದಿನಾಂಕದಂದು ಆಯಿತೆಂಬುದನ್ನು ಲಿಖಿತವಾಗಿ ತಿಳಿಸಬೇಕು, ಏಕೆಂದರೆ ನನ್ನ ಮಟ್ಟಿಗೆ ಇಡೀ ಪ್ರಕರಣ ನಿಂತಿರುವುದು ಆ ದಿನಾಂಕದ ಮೇಲೆ. ಮುಂದೆ ವೈದ್ಯಕೀಯ ನೆರವು ಕೋರಿರುವ ಪ್ರಯಾಣಿಕರಿಗಾದರೂ ಇಂಥ ಬದಲಾವಣೆಯನ್ನು ತಕ್ಷಣ ತಿಳಿಸಿ, ಶುಲ್ಕವಿಲ್ಲದೆ ದಿನ ಬದಲಿಸಲು ಅವಕಾಶ ಕೊಡಬೇಕು.

ಈ ಪತ್ರ ತಲುಪಿದ 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ, ಅಗತ್ಯಬಿದ್ದರೆ ಅಲ್ಲಿಗೂ ಹೋಗುತ್ತೇನೆ. ಟಿಕೆಟ್, ಆಸನ ಶುಲ್ಕದ ರಸೀದಿ, ಬೋರ್ಡಿಂಗ್ ಪಾಸ್, ಕಾಯ್ದಿರಿಸುವಾಗ ತೆಗೆದಿಟ್ಟ ಪುಟದ ಚಿತ್ರ ಮತ್ತು ವೈದ್ಯರ ಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ತಮ್ಮ ವಿಶ್ವಾಸಿ